ಫ್ಯಾನಿನ ಜೊತೆ ಉಸಿರೂ ಹೋಯಿತು

ಪ್ಯಾನಿಕ್ ಅಟ್ಯಾಕ್ ಬಗ್ಗೆ ನಾವು ಮಾಡುತ್ತಿರೋ ವಿಡಿಯೊದಲ್ಲಿ ಕೊನೆಗೂ ಬಸ್ಸಿನ ಸೀನ್ ಆಯಿತು! ಆರು ನಿಮಿಷದ ವಿಡಿಯೊದಲ್ಲಿ ಇದು ಬರೀ 48 ಸೆಕೆಂಡು. ಇದಕ್ಕೇ ಮೂರು ವಾರ ಹಿಡಿಯಿತು.

ಕಾಲೇಜಿನ ಪ್ರಾಜೆಕ್ಟಿಗೆ ನಮ್ಮ ತಂಡ ಆರಿಸಿಕೊಂಡಿದ್ದು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಬರೋ ವಿಪರೀತ ಗಾಬರಿ. ಮೊದಲ ಕಟ್‌ನಲ್ಲಿ ಕ್ಯಾಮೆರಾ ಗಿರಗಿರ ತಿರುಗುತ್ತಿತ್ತು. ಎದೆ ಡಬಡಬ, ಹುಡುಗಿ ತಲೆ ಹಿಡಿದು ಕುಸಿಯುತ್ತಿದ್ದಳು. ಅದನ್ನು ನನ್ನ ಗೆಳತಿಗೆ ತೋರಿಸಿದೆ. ಅವಳಿಗೆ ಹೋದ ವರ್ಷದಿಂದ ಇದು ಬರುತ್ತಿದೆ.

"ಹೊರಗಿನವರಿಗೆ ಏನೂ ಕಾಣಲ್ಲ ಕಣೇ," ಅಂದಳು. "500ಡಿ ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಿದ್ದೆ. ಸತ್ತೇ ಹೋಗ್ತೀನಿ ಅನ್ನಿಸ್ತಿತ್ತು. ಫೋನಲ್ಲಿ ಅಮ್ಮ ಮಾತಾಡ್ತಾ ಇದ್ರು, ನಾನು ಹೂಂ ಹೂಂ ಅಂತಾನೇ ಇದ್ದೆ."

ಅವಳ ಒಪ್ಪಿಗೆ ತಗೊಂಡು ಸೀನನ್ನು ಹೊಸದಾಗಿ ಬರೆದೆವು. ಈಗ ಫ್ರೇಮಲ್ಲಿ ಇರೋದು ಒಂದು ಕೈ ಮಾತ್ರ. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್ಟನ್ನು ಬೆರಳು ಮಡಿಸುತ್ತಾ ಹೋಗುತ್ತೆ, ಇನ್ನು ಮಡಿಸಲು ಆಗದಷ್ಟು ಚಿಕ್ಕದಾಗುವವರೆಗೆ. ಉಸಿರು, ಅಮ್ಮನಿಗೆ ಅನ್ನೋ ಹೂಂ, ಹೀಗೆ ಮಿಕ್ಕಿದ್ದನ್ನೆಲ್ಲ ಸದ್ದೇ ಹೇಳಬೇಕು. ಕಷ್ಟ ಶುರುವಾಗಿದ್ದೇ ಅಲ್ಲಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ಕಾಲರ್ ಮೈಕ್ ತಂದೆ. "ಫೋನು, ಕ್ಯಾಮೆರಾ ಎರಡಕ್ಕೂ ಆಗುತ್ತೆ" ಅಂದರು ಅಂಗಡಿಯವರು. ಮನೆಗೆ ಬಂದು ನೋಡಿದರೆ ಪಿನ್ನಿನಲ್ಲಿ ಮೂರು ಕಪ್ಪು ಪಟ್ಟಿ, ಅಂದರೆ ಫೋನಿನದ್ದು. ವಾಪಸ್ ಕೇಳಿದರೆ ತಗೊಳ್ಳಲ್ಲ ಅಂದರು. ಕನ್ವರ್ಟರ್‌ಗೆ ಮತ್ತೆ ದುಡ್ಡು. ಕೊಳ್ಳೋ ಮೊದಲು ಪಟ್ಟಿ ಎಣಿಸಿಬಿಡಿ.

ಉಸಿರನ್ನು ರೂಮಿನಲ್ಲೇ ರೆಕಾರ್ಡ್ ಮಾಡಿದೆ. ಹಿಂದೆ ಫ್ಯಾನಿನ ಸದ್ದು. ಬೇಡದ ಸದ್ದು ತೆಗೆಯೋ ನಾಯ್ಸ್ ರಿಡಕ್ಷನ್ ಹಾಕಿದೆ. ಫ್ಯಾನೂ ಹೋಯಿತು, ಉಸಿರೂ ಹೋಯಿತು! ಎರಡೂ ಒಂದೇ ಥರ 'ಸ್ಸ್' ಅನ್ನೋ, ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಹರಡಿಕೊಂಡಿರೋ ಸದ್ದು. ಸಾಫ್ಟ್‌ವೇರ್‌ಗೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಹನ್ನೊಂದು ಸಲ ಸೆಟ್ಟಿಂಗ್ ಬದಲಾಯಿಸಿದೆ. ಪ್ರತಿ ಸಲವೂ ನೀರಿನೊಳಗಿಂದ ಕೇಳಿದ ಹಾಗೆ.

ಅಷ್ಟರಲ್ಲಿ ಕಾಲೇಜಿನ ಕೌನ್ಸೆಲರ್ ಮೇಡಂ ಸ್ಕ್ರಿಪ್ಟ್ ಓದಿದರು. ಪಕ್ಕದಲ್ಲಿದ್ದವಳು "ಜೋರಾಗಿ ಉಸಿರೆಳ್ಕೋ" ಅನ್ನೋ ಸಾಲಿನ ಹತ್ತಿರ ನಿಂತರು. ಗಾಬರಿಯಲ್ಲಿ ಆಗಲೇ ಬೇಕಿದ್ದಕ್ಕಿಂತ ಜಾಸ್ತಿ ಉಸಿರಾಡುತ್ತಿರುತ್ತಾರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತೆ, ಬೆರಳ ತುದಿ ಜುಮ್ಮೆನ್ನೋದು, ತಲೆ ಹಗುರಾಗೋದು ಅದಕ್ಕೇ ಅಂದರು. ಇನ್ನೂ ಜೋರಾಗಿ ಎಳೆದರೆ ಅದು ಹೆಚ್ಚುತ್ತೆ. ನಿಧಾನಕ್ಕೆ, ಉದ್ದಕ್ಕೆ ಉಸಿರು ಬಿಡಬೇಕು. ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತೆ. ಆದರೆ ಮೊದಲ ಸಲ ಎದೆನೋವು ಬಂದರೆ ಪ್ಯಾನಿಕ್ ಅಂತ ನಾವೇ ತೀರ್ಮಾನ ಮಾಡಬಾರದು, ಡಾಕ್ಟರಿಗೆ ತೋರಿಸಲೇಬೇಕು.

ಆ ಸಾಲು ಬದಲಾಯಿತು. ಉಸಿರೂ ಬದಲಾಯಿತು. ನಾನು ಅಲ್ಲಿವರೆಗೆ ಏದುಸಿರು ಬಿಡುತ್ತಿದ್ದೆ, ಓಡಿ ಬಂದವರ ಹಾಗೆ. ಬೇಕಿದ್ದದ್ದು ಎದೆಯ ಮೇಲ್ಭಾಗದಲ್ಲೇ ಆಡುವ ಚಿಕ್ಕ ಚಿಕ್ಕ ಉಸಿರು, ನಡುವೆ ಒಂದೊಂದು ನಿಟ್ಟುಸಿರು. ರಾತ್ರಿ ಎರಡಕ್ಕೆ ಫ್ಯಾನ್ ಆರಿಸಿ, ರಜಾಯಿ ಹೊದ್ದು, ಮೈಕನ್ನು ಬಾಯಿಂದ ಇಳಿಸಿ ಕತ್ತಿನ ಬುಡಕ್ಕೆ ಸಿಕ್ಕಿಸಿದೆ. ಮೂರನೇ ಟೇಕ್‌ಗೆ ಸಿಕ್ಕಿತು. ನಾಯ್ಸ್ ರಿಡಕ್ಷನ್ ಮುಟ್ಟಲೇ ಇಲ್ಲ. ಬಸ್ಸಿನ ಸದ್ದು ಬೇರೆ ಟ್ರ್ಯಾಕಿನಲ್ಲಿ ಹಾಕಿ ಮೆಲ್ಲಗೆ ಇಳಿಸಿದೆ.

ಅಂದ ಹಾಗೆ, ಮುಂದಿನ ಪ್ರಾಜೆಕ್ಟ್ ಅಜ್ಜಿಯ ಬಗ್ಗೆ. ಮನಸ್ಸಿಗೆ ಬೇಜಾರು ಅಂತ ನಮ್ಮಜ್ಜಿ ಯಾವತ್ತೂ ಹೇಳಿದ್ದಿಲ್ಲ. ತಲೆಭಾರ, ಕೈಕಾಲು ಸೆಳೆತ, ನಿದ್ದೆ ಇಲ್ಲ ಅಂತಲೇ ಹೇಳೋದು. ಅದನ್ನು ಬರೀ ಆಡಿಯೊದಲ್ಲಿ ಮಾಡಬೇಕು ಅಂತಿದೆ. ಹಳ್ಳಿ ಮನೆಯ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಕೋಣೆಯಲ್ಲಿರೋ ಸದ್ದು, ಈಗಲೇ ತಂದಿಟ್ಟಿದ್ದೇನೆ.

ಈ ವಿಡಿಯೊದ ಕೊನೆಯಲ್ಲಿ 14416 ನಂಬರ್ ಬರುತ್ತೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ನಮ್ಮೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಪುಕ್ಕಟೆ, ದಿನವಿಡೀ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅದನ್ನು ಎರಡು ಸೆಕೆಂಡಿಗೆ ಇಟ್ಟಿದ್ದೆವು. ಈಗ ಎಂಟು. ನಂಬರ್ ಬರೆದುಕೊಳ್ಳೋಕೆ ಟೈಮ್ ಬೇಕಲ್ವಾ?

ನಿನ್ನೆ ಗೆಳತಿಗೆ ಹೆಡ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಎರಡು ಸಲ ಕೇಳಿದಳು. "ಎರಡನೇ ಹೂಂ ಬೇಗ ಬಂತು," ಅಂದಳು. "ಅಷ್ಟು ಬೇಗ ಹೇಳೋಕಾಗಲ್ಲ." ಹನ್ನೆರಡು ಫ್ರೇಮ್ ತಡವಾಗಿ ಬರೋ ಹಾಗೆ ತಳ್ಳಿದೆ. ಮತ್ತೆ ಕೇಳಿದಳು. ಈ ಸಲ ತಲೆಯಾಡಿಸಿದಳು.