ಸಣ್ಣ ಉರಿಯ ಸ್ಪಿರಿಟ್ ಒಲೆ

ಧಾರವಾಡ, 2024 ಫೆಬ್ರುವರಿ 11, ಭಾನುವಾರ

ಬೂಟ್ ಪಾಲಿಶ್ ಡಬ್ಬಿಯಿಂದ ಮಾಡಿದ ಸ್ಪಿರಿಟ್ ಒಲೆಯ ಮೇಲೆ ಇಂದು ಹೆಸರುಬೇಳೆ ಹುಗ್ಗಿ ತಳ ಹಿಡಿಯದೆ ಬೆಂದಿತು. ಅಕ್ಕಿ ಅರಳಿತ್ತು, ಬೇಳೆ ಕರಗಿತ್ತು. ಸ್ಪಿರಿಟ್ ಒಲೆಯಲ್ಲಿ ನೀರು ಕುದಿಸುವುದು ಯಾರಿಗೂ ಸಾಧ್ಯ. ಅದೇ ಒಲೆಯಲ್ಲಿ ಅನ್ನ ಬೇಯಿಸುವುದೇ ಕಷ್ಟ. ಚಾರಣಕ್ಕೆ ಹೊರಡುವವರು ಬಿಸಿನೀರು ಸುರಿದರೆ ಸಿದ್ಧವಾಗುವ ಪೊಟ್ಟಣಗಳಿಗೆ ಶರಣಾಗುವುದು ಈ ಕಷ್ಟದಿಂದಲೇ. ದಿನವಿಡೀ ಬೆಟ್ಟ ಹತ್ತಿದ ಹೊಟ್ಟೆಗೆ ಬೆಂದ ಅನ್ನ ಬೇಕು ಎಂಬುದು ನನ್ನ ಹಟ.

ಸ್ಪಿರಿಟ್ ಒಲೆಗೆ ಗ್ಯಾಸ್ ಒಲೆಯಂತೆ ತಿರುಗಣಿ ಇಲ್ಲ. ಉರಿಯುವುದು ದ್ರವವಲ್ಲ, ಅದರಿಂದ ಏಳುವ ಆವಿ. ಸ್ಪಿರಿಟಿನ ಮುಖ್ಯ ಭಾಗವಾದ ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ. ಜ್ವಾಲೆಯ ಶಾಖ ಡಬ್ಬಿಗೆ ಇಳಿದು ಆವಿ ಹೆಚ್ಚುತ್ತದೆ, ಆವಿ ಹೆಚ್ಚಿದಷ್ಟೂ ಜ್ವಾಲೆ ದೊಡ್ಡದಾಗುತ್ತದೆ, ಡಬ್ಬಿ ಇನ್ನಷ್ಟು ಕಾಯುತ್ತದೆ. ತಂಪು ಪಾನೀಯದ ಕ್ಯಾನಿಗೆ ಸುತ್ತ ತೂತು ಕೊರೆದು ಮಾಡುವ ಒಲೆ ಈ ಸುತ್ತನ್ನೇ ನೆಚ್ಚಿಕೊಂಡಿದೆ. ಬೇಗ ನೀರು ಕಾಯಿಸಲು ಅದು ಸೊಗಸಾದ ಸಾಧನ. ಅದರ ಮೇಲೆ ಹುಗ್ಗಿ ಇಟ್ಟರೆ ಮೇಲೆ ಅಕ್ಕಿ ಹಸಿ, ಕೆಳಗೆ ಕಪ್ಪು.

ಎಷ್ಟು ಉರಿ ಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಮಿಲಿಲೀಟರ್ ಎಥನಾಲ್ ಉರಿದರೆ ಸುಮಾರು 21 ಕಿಲೋಜೂಲ್ ಶಾಖ. ನಿಮಿಷಕ್ಕೆ ಒಂದು ಮಿಲಿಲೀಟರ್ ಎಂದರೆ 350 ವ್ಯಾಟ್, ಅದರಲ್ಲಿ ಪಾತ್ರೆಗೆ ಸೇರುವುದು ಅರ್ಧಕ್ಕಿಂತ ಕಡಿಮೆ. ಕುದಿ ಬರಿಸಲು ನಿಮಿಷಕ್ಕೆ ಎರಡು ಮಿಲಿಲೀಟರ್ ಉರಿಯಬೇಕು. ಮುಚ್ಚಳ ಹಾಕಿದ ಪಾತ್ರೆಯಲ್ಲಿ ಬಂದ ಕುದಿಯನ್ನು ಉಳಿಸಿಕೊಳ್ಳಲು ಅದರ ಮೂರನೆಯ ಒಂದು ಭಾಗ ಸಾಕು. ಅವ್ವನಿಗೆ ಇದನ್ನು ಹೇಳಿದರೆ, "ಅನ್ನಕ್ಕೆ ಕುದಿ ಬಂದ ಮೇಲೆ ಉರಿ ಯಾಕೆ ಬೇಕು, ಕಾವು ಸಾಕಲ್ಲ" ಎಂದಳು. ನನ್ನ ಲೆಕ್ಕವೆಲ್ಲ ಅವಳಿಗೆ ಅಂಗೈಯಲ್ಲೇ ಇತ್ತು.

ಉರಿ ತಗ್ಗಿಸುವ ಮಾರ್ಗ ಹೊಸದಲ್ಲ. 1925ರಲ್ಲಿ ಶುರುವಾದ ಸ್ವೀಡನ್ನಿನ ಟ್ರಾಂಜಿಯಾ ಸಂಸ್ಥೆಯ ಹಿತ್ತಾಳೆ ಒಲೆಗೆ ಒಂದು ಬಿಲ್ಲೆ ಬರುತ್ತದೆ. ಅದನ್ನು ಸರಿಸಿ ಬಾಯಿ ಕಿರಿದು ಮಾಡಿದರೆ ಉರಿ ತಗ್ಗುತ್ತದೆ. ಆದರೆ ಉರಿಯುತ್ತಿರುವ ಒಲೆಯ ಮೇಲೆ ಬಿಲ್ಲೆ ಕೂರಿಸುವ ಕೆಲಸ ನನಗೆ ಇಷ್ಟವಿಲ್ಲ. ಹಾಗಾಗಿ ಎರಡು ಡಬ್ಬಿ ಇಟ್ಟುಕೊಂಡೆ: ಕುದಿ ಬರಿಸಲು ಬಾಯಿ ತೆರೆದದ್ದು ಒಂದು, ಬೇಯಿಸಲು ಇನ್ನೊಂದು.

ಬೇಯಿಸುವ ಡಬ್ಬಿಯೇ ನಿಜವಾದ ಕೆಲಸ. ಬೂಟ್ ಪಾಲಿಶ್ ಡಬ್ಬಿಯ ಮೇಣವನ್ನು ಬಿಸಿನೀರು, ಸೋಪಿನಿಂದ ಪೂರ್ತಿ ತೆಗೆದೆ. ಕುಲುಮೆಗಳ ಒಳಪದರಕ್ಕೆ ಬಳಸುವ ಸೆರಾಮಿಕ್ ಫೈಬರ್ ಅನ್ನು ಒಳಗೆ ಸಡಿಲವಾಗಿ ತುಂಬಿದೆ (ಅದನ್ನು ಕತ್ತರಿಸುವಾಗ ಮುಖಕ್ಕೆ ಮಾಸ್ಕ್, ಕೈಗೆ ಗವಸು ಬೇಕೇ ಬೇಕು). ಮೇಲೆ ಸ್ಟೀಲ್ ಜಾಳಿಗೆ, ಅದರ ಮೇಲೆ ಮುಚ್ಚಳ, ಮುಚ್ಚಳದ ನಡುವೆ ಮೂರೂವರೆ ಸೆಂಟಿಮೀಟರ್ ತೂತು. ತೆರೆದ ಡಬ್ಬಿಯ ಬಾಯಿ ಆರೂವರೆ ಸೆಂಟಿಮೀಟರ್. ಅಂದರೆ ವಿಸ್ತೀರ್ಣ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ಫೈಬರ್ ಸ್ಪಿರಿಟನ್ನು ಹೀರಿ ಹಿಡಿದುಕೊಳ್ಳುತ್ತದೆ, ಶಾಖವನ್ನು ಕೆಳಕ್ಕೆ ಬಿಡುವುದಿಲ್ಲ. ಮೇಲ್ಪದರ ಮಾತ್ರ ಆವಿಯಾಗುತ್ತದೆ, ಡಬ್ಬಿಯ ತಳ ತಣ್ಣಗೇ ಉಳಿಯುತ್ತದೆ, ಜ್ವಾಲೆ ಬೆಳೆಯುವುದಿಲ್ಲ. ಡಬ್ಬಿ ಮಗುಚಿದರೂ ಉರಿಯುವ ಸ್ಪಿರಿಟ್ ನೆಲದ ಮೇಲೆ ಹರಿಯುವ ಭಯ ಬಹಳ ಕಡಿಮೆ. ಕಾಡಿನ ಒಣ ಎಲೆಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಇಂದಿನ ಅಡುಗೆಗೆ ಅರ್ಧ ಲೀಟರ್ ನೀರನ್ನು ಕುದಿಸಲು 20 ಮಿಲಿಲೀಟರ್ ಹೋಯಿತು. ಒಂದು ಗಂಟೆ ನೆನೆಸಿದ ಅಕ್ಕಿ, ಬೇಳೆ ಹಾಕಿ ಎರಡನೆಯ ಡಬ್ಬಿಗೆ ಬದಲಾಯಿಸಿದೆ. 12 ಮಿಲಿಲೀಟರ್ ಹದಿನೆಂಟು ನಿಮಿಷ ಉರಿಯಿತು. ಆಮೇಲೆ ಪಾತ್ರೆಗೆ ಉಣ್ಣೆಯ ಟೊಪ್ಪಿಗೆ ಸುತ್ತಿ ಹತ್ತು ನಿಮಿಷ ಬಿಟ್ಟೆ.

ಉತ್ತರಾಖಂಡದ ಎತ್ತರದಲ್ಲಿ ಈ ಸಮಯ ಸಾಲದು. 3,500 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಉರಿ ಹೆಚ್ಚಿಸಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಬೇಳೆಗೆ ಹೆಚ್ಚು ಹೊತ್ತು ಬೇಕು, ಹೆಚ್ಚು ಉರಿಯಲ್ಲ. ಸಣ್ಣ ಉರಿಯ ಒಲೆ ಅಲ್ಲಿ ಇನ್ನಷ್ಟು ಉಪಯುಕ್ತ. ರೈಲು, ವಿಮಾನಗಳಲ್ಲಿ ಸ್ಪಿರಿಟ್ ಒಯ್ಯುವಂತಿಲ್ಲವಾದ್ದರಿಂದ ಅಲ್ಲೇ ಕೊಳ್ಳಬೇಕು. ಮರದ ಪಾಲಿಶ್ ಕೆಲಸದ ಸ್ಪಿರಿಟಿನಲ್ಲಿ ವಿಷವಾದ ಮೆಥನಾಲ್ ಇರಬಹುದು. ಗುಡಾರದೊಳಗೆ ಹಚ್ಚಬಾರದು, ಅಳೆಯುವ ಬಾಟಲಿಯನ್ನು ಕುಡಿಯುವ ನೀರಿನ ಬಾಟಲಿಯಿಂದ ದೂರ ಇಡಬೇಕು. ಹಗಲಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಆರಿತೆಂದು ಭಾವಿಸಿ ಮತ್ತೆ ಸುರಿಯಹೋದರೆ ಬೆಂಕಿ ಬಾಟಲಿಯನ್ನೇ ಹಿಡಿಯುತ್ತದೆ. ಒಲೆ ಪೂರ್ತಿ ತಣ್ಣಗಾಗುವವರೆಗೆ ಕಾಯುವುದೊಂದೇ ದಾರಿ.

ನಮ್ಮ ಘಟ್ಟದ ಕಾಡುಗಳಲ್ಲಿ ಇದನ್ನು ಹಚ್ಚುವುದಿಲ್ಲ. ಅಲ್ಲಿಗೆ ಅವಲಕ್ಕಿ, ಚಟ್ನಿಪುಡಿ ಸಾಕು.

ಉಳಿದಿರುವುದು ಗಾಳಿ ತಡೆಯುವ ತಗಡು. ಈ ಜ್ವಾಲೆ ಸಣ್ಣದು, ಸಂಜೆಯ ಗಾಳಿಗೆ ಎರಡು ಸಲ ಪಾತ್ರೆಯ ಅಂಚಿನಿಂದ ಆಚೆ ಬಾಗಿತು. ತಗಡಿನ ಕೆಳಗಡೆ ಒಂದೇ ಬದಿಗೆ ತೂತು ಕೊರೆದು, ಆ ಬದಿಯನ್ನು ಗಾಳಿಗೆ ಬೆನ್ನಾಗಿಸಿ ನಾಳೆ ತಾರಸಿಯ ಮೇಲೆ ನೋಡಬೇಕು.