ಸುರಪುರದ ಗುಡ್ಡಕ್ಕೆ ಕಟಗಿ ಆರಿಸಲು

ನಮ್ಮ ಅಕ್ಕನ ಮಗಳು ಪಿಎಚ್‌ಡಿ ಮುಗಿಸಿ ಈಗ ಪೋಸ್ಟ್‌ಡಾಕ್ ಮಾಡುತ್ತಿದ್ದಾಳೆ. ಹುಡುಗಿ ಏನು ಓದುತ್ತಾಳೆ ಎಂದು ಕಲಬುರಗಿಯ ನೆಂಟರು ಕೇಳಿದರೆ ಅಕ್ಕ "ಇದ್ದಿಲು" ಎಂದು ಹೇಳಿ ಮಾತು ಬದಲಿಸುತ್ತಾಳೆ. ಪೂರ್ತಿ ತಪ್ಪಲ್ಲ. ಸಾವಿರಾರು ವರ್ಷದ ಹಿಂದೆ ಆರಿಹೋದ ಒಲೆಗಳ ಇದ್ದಿಲು, ಸುಟ್ಟು ಕರಿಯಾದ ಕಾಳು, ಇವನ್ನು ನೋಡಿ ಆಗ ಗುಡ್ಡದ ಮೇಲೆ ಏನೇನು ಬೆಳೆದಿತ್ತು ಎಂದು ತಿಳಿಯುವುದು ಅವಳ ಕೆಲಸ.

ಫೆಬ್ರವರಿಯಲ್ಲಿ ಬಂದವಳೇ, "ಮಾಮಾ, ಸುರಪುರಕ್ಕ ಹೋಗೂಣ್ರಿ, ಕಟಗಿ ಆರಿಸೋದದ" ಅಂದಳು. ಬುತ್ತಿ ಕಟ್ಟಲಿಲ್ಲ. ಎರಡು ಗೋಣಿಚೀಲ ಮಾತ್ರ ಕಾರಿಗೆ ಹಾಕಿದೆವು.

ಜೇವರ್ಗಿ ದಾರಿಯಲ್ಲಿ ಭೀಮಾ ದಾಟುವಾಗ ಬೆಳಕಾಯಿತು. ತೊಗರಿ ಕೊಯ್ಲು ಮುಗಿದು ಹೊಲದಲ್ಲಿ ಕೂಳೆ ಮಾತ್ರ ನಿಂತಿತ್ತು. ಶಹಾಪುರದಲ್ಲಿ ಮಲಗಿದ ಬುದ್ಧನ ಗುಡ್ಡ ಕಂಡ ಕೂಡಲೇ ಎಲ್ಲರ ಹಾಗೆ ನಾವೂ ನಿಂತು ಫೋಟೋ ತೆಗೆದೆವು. ಮುಂದೆ ಸುರಪುರ. ನಾಯಕ ಅರಸರ ಊರು. 1840ರ ದಶಕದಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆಡಳಿತದ ಜೊತೆಗೆ ಸುತ್ತಲಿನ ಹಳೆಯ ಕಲ್ಲುಗೋರಿಗಳ ಬಗ್ಗೆಯೂ ಬರೆದಿಟ್ಟ. ಗುಡ್ಡದ ಮೇಲಿನ ಅವನ ಬಂಗಲೆ ನೋಡೋಣ ಎಂದೆ. "ಬಿಸಲು ಏರ್ತದ" ಎಂದು ಅವಳು ಬಿಡಲಿಲ್ಲ.

ಊರಾಚೆ ಒಂದು ಗುಡ್ಡದ ಬುಡದಲ್ಲಿ ಇಳಿದೆವು. ಬಂಡೆ, ಕುರುಚಲು, ಮತ್ತೆ ಬಂಡೆ. "ಒಂದು ಕಾಲಕ್ಕೆ ದಟ್ಟ ಕಾಡಿತ್ತು, ನಾವೇ ಕಡಿದು ಬೋಳು ಮಾಡಿದ್ವಿ" ಎಂದು ನಿಟ್ಟುಸಿರು ಬಿಟ್ಟೆ.

"ಯಾರು ಹೇಳಿದ್ರು?" ಅಂದಳು.

ಯಾರು ಹೇಳಿದ್ದರೋ, ನನಗೂ ನೆನಪಿಲ್ಲ. ಬೋಳು ಗುಡ್ಡ ಕಂಡರೆ ಹಾಗೆ ಹೇಳುವುದು ರೂಢಿ, ಅಲ್ವಾ?

ಅವಳು ನೀಲಗಿರಿ ಬೆಟ್ಟಗಳ ಕಥೆ ತೆಗೆದಳು. ಅಲ್ಲಿನ ಜೌಗಿನಲ್ಲಿ ಕೊಳೆತ ಗಿಡಗಳು ಪದರ ಪದರವಾಗಿ ಕೂತಿವೆ. ಮರ ಗಾಳಿಯಿಂದ ಇಂಗಾಲ ಹೀರುವ ರೀತಿ ಒಂದು, ಬಿಸಿ ನಾಡಿನ ಹುಲ್ಲು ಹೀರುವ ರೀತಿ ಇನ್ನೊಂದು. ಆ ಗುರುತು ಮಣ್ಣಿನಲ್ಲಿ ಉಳಿಯುತ್ತದೆ. ವಿಜ್ಞಾನಿ ಆರ್. ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ಇದನ್ನೇ ಅಳೆದು ಸುಮಾರು 20,000 ವರ್ಷದ ಲೆಕ್ಕ ತೆಗೆದರು. ಮಳೆ ಹೆಚ್ಚಿದಾಗ ಮರ, ಒಣಗಿದಾಗ ಹುಲ್ಲು, ಹೀಗೆ ಅದಲು ಬದಲಾಗಿದೆ. ಅಂದರೆ ಅಲ್ಲಿನ ಹುಲ್ಲುಗಾವಲೆಲ್ಲ ಮನುಷ್ಯ ಕಾಡು ಕಡಿದು ಮಾಡಿದ್ದಲ್ಲ.

"ಇಲ್ಲಿ?" ಎಂದೆ.

"ಇಲ್ಲಿ ಜೌಗು ಎಲ್ಲಿಂದ ತರೋದು ಮಾಮಾ? ಹಳೇ ಗಿಡಗಳ ಸುಳಿವು ಕೊಡೋ ಪರಾಗನೂ ಒಣ ಮಣ್ಣಾಗ ಉಳಿಯಂಗಿಲ್ಲ. ಇದ್ದಿಲೇ ಗತಿ."

ಸುಟ್ಟರೂ ಕಟ್ಟಿಗೆಯ ಒಳಗಿನ ನಾಳಗಳ ಜೋಡಣೆ ಅಳಿಯುವುದಿಲ್ಲವಂತೆ. ಇದ್ದಿಲನ್ನು ಮೂರು ದಿಕ್ಕಿಗೆ ಮುರಿದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇಂದಿನ ಮರಗಳನ್ನು ಸುಟ್ಟು ಮಾಡಿಟ್ಟ ಇದ್ದಿಲಿನ ಜೊತೆ ಹೋಲಿಸುತ್ತಾರೆ. ನಮ್ಮ ಗೋಣಿಚೀಲ ಆ ಹೋಲಿಕೆಗೆ. ಒಣಗಿ ಬಿದ್ದದ್ದು ಮಾತ್ರ ಆರಿಸಬೇಕು, ಮರದ ಎಲೆಯ ಫೋಟೋ ಹಿಡಿಯಬೇಕು, ಚೀಟಿ ಕಟ್ಟಬೇಕು. ಸೀತಾಫಲದ ಕಡ್ಡಿ ಕೊಟ್ಟರೆ ನಕ್ಕು ಎಸೆದಳು. ಅದರ ತವರು ಅಮೆರಿಕ ಖಂಡ, ಪೋರ್ಚುಗೀಸರು ಬರುವ ಮೊದಲು ಇಲ್ಲಿ ಇರಲಿಲ್ಲ. ಬಳ್ಳಾರಿ ಜಾಲಿಯೂ ಅಲ್ಲಿಯದೇ. ನಾನು ಚಿಕ್ಕಂದಿನಿಂದ 'ನಮ್ಮ ಗುಡ್ಡ' ಎಂದುಕೊಂಡಿದ್ದರಲ್ಲಿ ಅರ್ಧ ಅಲ್ಲಿಗೇ ಹೋಯಿತು.

ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ, "ಮನ್ಯಾಗ ಗ್ಯಾಸ್ ಇಲ್ಲೇನ್ ಯವ್ವಾ?" ಅಂದಳು. ಇವಳು ವಿಷಯ ಹೇಳಿದಳು. ಮುದುಕಿಗೆ ಅದರಲ್ಲೇನೂ ವಿಚಿತ್ರ ಕಾಣಲಿಲ್ಲ. ಚೀಲಕ್ಕೇ ಕೈ ಹಾಕಿ ಕಡ್ಡಿ ಬೇರೆ ಮಾಡತೊಡಗಿದಳು. "ಕರಿ ಜಾಲಿ ಛಲೋ, ಕೆಂಡ ನಿಂದರ್ತದ. ಇದು ಬರೇ ಹೊಗಿ. ಹಾಲು ಸುರಿಯೋ ಗಿಡ ಒಲಿಗಿ ಹಾಕಬ್ಯಾಡ, ಕಣ್ಣ ಉರೀತಾವ."

ಇವಳು ನೋಟ್‌ಬುಕ್ ತೆಗೆದು ಬರೆದುಕೊಂಡಿದ್ದೇ ಬರೆದುಕೊಂಡಿದ್ದು. ಕಾರಿನಲ್ಲಿ ಕಾರಣ ಹೇಳಿದಳು. ಹಳೆಯ ಒಲೆಯಲ್ಲಿ ಸಿಗುವುದು ಇಡೀ ಕಾಡಲ್ಲ. ಇಂಥದ್ದೇ ಯಾವಳೋ ಅಜ್ಜಿ ಬೇಕು, ಬೇಡ ಎಂದು ಆರಿಸಿ ತಂದ ಕಟಗಿ. ಒಲೆಗೆ ಬೇಡವಾದ ಮರ ಗುಡ್ಡದ ತುಂಬ ಇದ್ದರೂ ಇದ್ದಿಲಿನಲ್ಲಿ ಕಾಣದೆ ಹೋಗಬಹುದು.

ಬೂದಿಹಾಳಕ್ಕೆ ಹೊರಟೆವು. ಫೋನಿನ ಮ್ಯಾಪ್ ನಂಬಿ ಕಾಲುವೆ ಏರಿಯ ಮೇಲೆ ಸಿಕ್ಕಿಹಾಕಿಕೊಂಡು ಒಂದು ತಾಸು ಹಾಳಾಯಿತು. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಬೂದಿಹಾಳದಲ್ಲಿ ಅಗೆದಿದ್ದರು. ಸುಮಾರು 4,000 ವರ್ಷದ ಹಿಂದಿನ ದನಗಾಹಿಗಳ ಊರು. ದೊಡ್ಡಿಯ ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಬೂದಿ ದಿಬ್ಬ ಬೆಳೆದಿದೆ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದ್ದನ್ನೇ ಜನ ವಾಲಿಯ ಚಿತೆ ಎನ್ನುತ್ತಾರೆ. ನನಗೆ ಸಗಣಿಯ ಕಥೆಯೇ ಹೆಚ್ಚು ಹಿಡಿಸಿತು. ಹುಲ್ಲಿನ ಎಲೆಯಲ್ಲಿ ಗಾಜಿನಂಥ ಸಣ್ಣ ಕಣಗಳಿರುತ್ತವೆ. ದನದ ಹೊಟ್ಟೆಯಲ್ಲೂ ಕರಗುವುದಿಲ್ಲ, ಸಗಣಿ ಸುಟ್ಟರೂ ಉಳಿಯುತ್ತವೆ. ಆ ದನಗಳು ಎಂಥ ಹುಲ್ಲು ಮೇಯ್ದವು ಎಂದು ಬೂದಿಯನ್ನೇ ಕೇಳಬಹುದು!

ಪಕ್ಕದ ಎರೆ ಹೊಲದಲ್ಲಿ ಕೈ ತೂರುವಷ್ಟು ಬಿರುಕು. "ಇದೇ ನಮ್ಮ ಶತ್ರು" ಅಂದಳು. ನಿನ್ನೆಯ ಜೋಳದ ಕಾಳು ಬಿರುಕಿನಲ್ಲಿ ಬಿದ್ದು ಹಳೆಯ ಪದರಕ್ಕೆ ಸೇರುತ್ತದೆ. ಅದಕ್ಕೇ ಮಣ್ಣನ್ನು ನೀರಲ್ಲಿ ಕದಡಿ ತೇಲಿದ್ದನ್ನು ಸೋಸಿದ ಮೇಲೆ, ಸುಟ್ಟು ಕರಿಯಾದ ಕಾಳನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸುಡದ ಕಾಳು ಅಷ್ಟು ವರ್ಷ ಕೊಳೆಯದೆ ಇರುವುದಿಲ್ಲ.

ಹಸಿವಾಗಿತ್ತು. ಸುರಪುರದ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ, ಆ ಬೂದಿಯ ಜನ ಏನು ತಿಂತಿದ್ದರು ಎಂದು ಕೇಳಿದೆ. ಅವಳು ನನ್ನ ತಟ್ಟೆಯ ಮೇಲೇ ಬೆರಳಿಟ್ಟಳು. ಜೋಳ ಆಫ್ರಿಕಾದ್ದು. ಶೇಂಗಾ ಹಿಂಡಿಯಲ್ಲಿ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕದಿಂದ ಬಂದವು. ತೊಗರಿಯ ಮೂಲ ಒಡಿಶಾ ಕಡೆ. "ತೊಗರಿನೂ?" ಎಂದೆ. ಕಲಬುರಗಿಯವನಿಗೆ ಹೇಳುವ ಮಾತೇ ಅದು? ಕೊನೆಗೆ ಉಳಿದದ್ದು ಹೆಸರುಕಾಳಿನ ಪಲ್ಯ. ದಕ್ಷಿಣದ ಆ ಕಾಲದ ಊರುಗಳಲ್ಲಿ ಹೆಸರು, ಹುರುಳಿ, ಕೊರಲೆ ಸಿಕ್ಕಿವೆ. ಇನ್ನೊಂದು ಸಲ ಪಲ್ಯ ಹಾಕಿಸಿಕೊಂಡೆ.

ರಾತ್ರಿ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಚೀಲ ಬಿಚ್ಚಿ ನೋಡಿದಳು. ಮಗಳು ಒಂದೊಂದೇ ಕಡ್ಡಿಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಇದನ್ನೆಲ್ಲ ಲ್ಯಾಬಿನಲ್ಲಿ ಸುಡಬೇಕು ಎಂದಳು.

"ಸುಡ್ಲಿಕ್ಕ ಸುರಪುರದ ತನಕ ಯಾಕ ಹೋಗಿದ್ರಿ?" ಅಂದಳು ಅಕ್ಕ. "ಹಿತ್ತಲದಾಗ ಬೇವಿನ ಗಿಡ ಇಲ್ಲೇನು?"

ಮಗಳು ಅದರದ್ದೂ ಒಂದು ಕಡ್ಡಿ ಆರಿಸಿ ತಂದಳು.