ಲಿನಕ್ಸಿನಲ್ಲೇ ವಿಂಡೋಸ್ ಇಎಕ್ಸ್‌ಇ ಮಾಡಬಹುದೇ?

ಉಬುಂಟು ಎಂಬ ಲಿನಕ್ಸಿನಲ್ಲಿ ಬರೆದ ಪ್ರೋಗ್ರಾಮನ್ನು ಅಲ್ಲೇ ವಿಂಡೋಸ್‌ಗೂ ಕಂಪೈಲ್ ಮಾಡಬಹುದಾ, ಅಂದರೆ ವಿಂಡೋಸಿನಲ್ಲಿ ನೇರವಾಗಿ ಓಡುವ ಇಎಕ್ಸ್‌ಇ ಫೈಲಾಗಿ ಮಾಡಬಹುದಾ? ಮಾಡಿದ ಮೇಲೆ ಬೇರೆಯವರ ಕಂಪ್ಯೂಟರಿನಲ್ಲಿ ಯಾಕೆ ಓಡುವುದಿಲ್ಲ? ಈ ಎರಡು ಪ್ರಶ್ನೆ ಯಾವಾಗಲೂ ಜೊತೆಯಾಗಿಯೇ ಬರುತ್ತವೆ.

ಖಂಡಿತ ಮಾಡಬಹುದು. ಡೆಬಿಯನ್, ಉಬುಂಟು ಎರಡರಲ್ಲೂ ‘ಮಿಂಗ್‌ಡಬ್ಲ್ಯೂ-ಡಬ್ಲ್ಯೂ64’ ಎಂಬ ಕಂಪೈಲರ್ ಪ್ಯಾಕೇಜ್ ಹಾಕಿಕೊಂಡು, ಕಂಪೈಲ್ ಮಾಡುವ ಆದೇಶದಲ್ಲಿ ‘ಜಿಸಿಸಿ’ ಎನ್ನುವ ಕಡೆ ‘ಎಕ್ಸ್86_64-ಡಬ್ಲ್ಯೂ64-ಮಿಂಗ್‌ಡಬ್ಲ್ಯೂ32-ಜಿಸಿಸಿ’ ಎಂದು ಕೊಟ್ಟರಾಯಿತು. ಕೊನೆಯ 32 ಹಳೆಯ ಹೆಸರಿನ ಉಳಿಕೆ ಅಷ್ಟೇ. ಹೊರಬರುವುದು 64 ಬಿಟ್ ಫೈಲೇ.

ಬೇರೆಯವರ ಕಂಪ್ಯೂಟರಿನಲ್ಲಿ ಓಡದಿರಲು ಮುಖ್ಯ ಕಾರಣ ಡಿಎಲ್‌ಎಲ್, ಅಂದರೆ ಪ್ರೋಗ್ರಾಮ್ ಓಡುವಾಗ ಬೇಕಾಗುವ ಲೈಬ್ರರಿ ಫೈಲುಗಳು. ಸಿ++ ಪ್ರೋಗ್ರಾಮಿಗೆ ಲಿಬ್‌ಎಸ್‌ಟಿಡಿಸಿ++-6, ಲಿಬ್‌ಜಿಸಿಸಿ, ಕೆಲವೊಮ್ಮೆ ಲಿಬ್‌ವಿನ್‌ಪಿಥ್ರೆಡ್-1 ಬೇಕು. ಇವು ವಿಂಡೋಸ್ ಜೊತೆ ಬರುವುದಿಲ್ಲ. ಇಎಕ್ಸ್‌ಇ ಕಳಿಸುವ ಮೊದಲು ಅದರ ಮೇಲೆ ‘ಆಬ್ಜ್‌ಡಂಪ್ -ಪಿ’ ಓಡಿಸಿ, ‘ಡಿಎಲ್‌ಎಲ್ ನೇಮ್’ ಎಂದಿರುವ ಸಾಲುಗಳನ್ನು ನೋಡಿ. ಕರ್ನೆಲ್32 ವಿಂಡೋಸಿನದೇ, ಅದಿದ್ದರೆ ಚಿಂತೆಯಿಲ್ಲ. ಮೇಲಿನ ಮೂರರಲ್ಲಿ ಯಾವುದಾದರೂ ಕಂಡರೆ ಲಿಂಕ್ ಮಾಡುವಾಗ, ಅಂದರೆ ತುಣುಕುಗಳನ್ನು ಒಂದು ಇಎಕ್ಸ್‌ಇಯಾಗಿ ಜೋಡಿಸುವಾಗ, ‘-ಸ್ಟ್ಯಾಟಿಕ್’ ಸೇರಿಸಿ. ಆಗ ಆ ಲೈಬ್ರರಿಗಳು ಇಎಕ್ಸ್‌ಇ ಒಳಗೇ ಸೇರಿಕೊಳ್ಳುತ್ತವೆ. ಫೈಲ್ ದಪ್ಪವಾಗುತ್ತದೆ, ಆದರೆ ಒಂದೇ ಫೈಲ್ ಕೊಟ್ಟರೆ ಸಾಕಾಗುತ್ತದೆ. ಸಣ್ಣ ಪ್ರೋಗ್ರಾಮುಗಳಿಗೆ ಇದೇ ಒಳ್ಳೆಯದು.

ಹೊರಗಿನ ಲೈಬ್ರರಿ ಬಳಸಿದರೆ ತೊಡಕು ಹೆಚ್ಚು. ಲೈಬ್ರರಿಗಳು ಎಲ್ಲಿವೆ ಎಂದು ಕಂಪೈಲರಿಗೆ ತಿಳಿಸುವ ಪಿಕೆಜಿ-ಕಾನ್ಫಿಗ್ ತನ್ನ ಪಾಡಿಗೆ ಲಿನಕ್ಸಿನ ಲೈಬ್ರರಿಗಳ ದಾರಿ ತೋರಿಸಿಬಿಡುತ್ತದೆ. ‘ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲನ್ನು ವಿಂಡೋಸ್‌ಗೆಂದು ಕಟ್ಟಿದ ಲೈಬ್ರರಿಗಳ ಜಾಗಕ್ಕೆ ತಿರುಗಿಸಿ. ಕಂಪೈಲ್ ಮಾಡುವ ಮೊದಲು ಓಡಿಸುವ ಕಾನ್ಫಿಗರ್ ಸ್ಕ್ರಿಪ್ಟಿಗೆ ಕೊಡಬೇಕಾದ್ದು ‘--ಹೋಸ್ಟ್’; ಹಲವರು ಕೊಡುವ ‘--ಟಾರ್ಗೆಟ್’ ಕಂಪೈಲರನ್ನೇ ಕಟ್ಟುವವರಿಗೆ ಮಾತ್ರ.

‘ವಿಂಡೋಸ್.ಹೆಚ್’ ಎಂಬ ಹೆಡರ್ ಫೈಲಿನ ಹೆಸರನ್ನು ಪೂರ್ತಿ ಸಣ್ಣ ಅಕ್ಷರದಲ್ಲೇ ಬರೆಯಿರಿ. ಲಿನಕ್ಸ್ ದೊಡ್ಡ-ಸಣ್ಣ ಅಕ್ಷರಗಳನ್ನು ಬೇರೆಬೇರೆ ಎಂದೇ ಎಣಿಸುತ್ತದೆ. ‘ಲಾಂಗ್’ ಎಂಬ ಸಂಖ್ಯೆಯ ಬಗೆ 64 ಬಿಟ್ ಲಿನಕ್ಸಿನಲ್ಲಿ 8 ಬೈಟ್, ವಿಂಡೋಸಿನಲ್ಲಿ 4 ಬೈಟ್. ಅದನ್ನು ಹಾಗೇ ಫೈಲಿಗೆ ಬರೆದರೆ ಇಲ್ಲಿ ಬರೆದದ್ದನ್ನು ಅಲ್ಲಿ ಓದಲಾಗದು.

ಕನ್ನಡದವರು ಗಮನಿಸಲೇಬೇಕಾದದ್ದು ಇನ್ನೊಂದಿದೆ. ‘ಪಟ್ಟಿ.ಟಿಎಕ್ಸ್‌ಟಿ’ ಎಂದು ಕನ್ನಡದಲ್ಲಿ ಹೆಸರಿಟ್ಟ ಫೈಲನ್ನು ‘ಎಫ್‌ಓಪನ್’ ಲಿನಕ್ಸಿನಲ್ಲಿ ಸಲೀಸಾಗಿ ತೆರೆಯುತ್ತದೆ. ವಿಂಡೋಸಿನಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಅಲ್ಲಿನ ಹಳೆಯ ಎಎನ್‌ಎಸ್‌ಐ ಕೋಡ್ ಪೇಜುಗಳಲ್ಲಿ (ಅಕ್ಷರಗಳ ಪಟ್ಟಿಗಳಲ್ಲಿ) ಕನ್ನಡಕ್ಕೆ ಜಾಗವೇ ಇಲ್ಲ. ಕನ್ನಡ ಅಲ್ಲಿಗೆ ಬಂದದ್ದೇ ಯೂನಿಕೋಡ್ ಮೂಲಕ. ಹಾಗಾಗಿ ವಿಂಡೋಸ್‌ಗೆ ಕಂಪೈಲ್ ಮಾಡುವಾಗ ‘ಮೇನ್’ ಬದಲು ‘ಡಬ್ಲ್ಯೂಮೇನ್’, ‘ಎಫ್‌ಓಪನ್’ ಬದಲು ‘_ಡಬ್ಲ್ಯೂಎಫ್‌ಓಪನ್’ ಬಳಸಿ, ಲಿಂಕ್ ಮಾಡುವಾಗ ‘-ಎಂಯೂನಿಕೋಡ್’ ಕೊಡಿ. ‘-ಎಂಯೂನಿಕೋಡ್’ ಮರೆತರೆ ನೀವು ಎಲ್ಲೂ ಬರೆಯದ ‘ವಿನ್‌ಮೇನ್’ ಸಿಗುತ್ತಿಲ್ಲ ಎಂದು ಲಿಂಕರ್ ದೂರುತ್ತದೆ.